ಅಕ್ಕನ ಮಗಳು "ನಾನು ಹುಡುಗಿ ಅಲ್ಲ" ಅನ್ನುತ್ತಿದ್ದಾಳೆ, ಊರಲ್ಲಿ ಮದುವೆ ಮಾತುಕತೆ ನಡೀತಿದೆ. ಏನು ಮಾಡಲಿ?

ಡೊಂಬಿವಲಿ ಚಿಕ್ಕಮ್ಮ (9 ಮಾರ್ಚ್ 2025)

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಇಲ್ಲಿ ಬಾಡಿಗೆ ಮನೆ, ಊರಿನ ಬಸ್ಸು ಅಂತ ಕೇಳುತ್ತಿದ್ದೆ. ಇವತ್ತಿನದು ಬೇರೆ. ದಯವಿಟ್ಟು ಯಾರೂ ತಮಾಷೆ ಮಾಡಬೇಡಿ.

ನಮ್ಮ ಊರು ಕುಂದಾಪುರದ ಹತ್ತಿರ. ಅಕ್ಕನ ಮಗಳಿಗೆ ಮುಂಬೈ ಪಕ್ಕದ ಐರೋಲಿಯಲ್ಲಿ ಕೆಲಸ ಸಿಕ್ಕಿ ಕಳೆದ ಮಳೆಗಾಲದಲ್ಲಿ ನಮ್ಮ ಮನೆಗೆ ಬಂದಳು. ವಯಸ್ಸು 23. ಬಂದ ಮೇಲೆ ಕೂದಲು ಗಿಡ್ಡ ಮಾಡಿಸಿಕೊಂಡಳು, ದೊಗಲೆ ಅಂಗಿ ಹಾಕತೊಡಗಿದಳು. ಈಗಿನವರ ಸ್ಟೈಲು ಅಂತ ಸುಮ್ಮನಿದ್ದೆ. ಆಮೇಲೆ ಬಾಲ್ಕನಿ ಹಗ್ಗದಲ್ಲಿ ಟವೆಲ್ ಅಡಿಗೆ ಕ್ರೇಪ್ ಬ್ಯಾಂಡೇಜ್ ಒಣಗುವುದು ಕಾಣಿಸಿತು. ಕಾಲು ಉಳುಕಿದರೆ ಸುತ್ತುತ್ತೇವಲ್ಲ, ಅದೇ. ಅಗಲದ್ದು, ಎರಡು ಸುರುಳಿ. ಕಾಲಿಗೇನಾಯ್ತೇ ಅಂತ ಕೇಳಿದರೆ ಮಾತೇ ಇಲ್ಲ. ಒಂದು ಭಾನುವಾರ ತಾನಾಗಿಯೇ ಬಾಗಿಲು ಹಾಕಿಕೊಂಡು ಹೇಳಿದಳು. ಎದೆ ಕಾಣಬಾರದು ಅಂತ ಸುತ್ತಿಕೊಳ್ಳುತ್ತಾಳಂತೆ. "ಚಿಕ್ಕಿ, ನಾನು ಹುಡುಗಿ ಅಲ್ಲ. ಹುಡುಗ ಅಂತಲೂ ಅನ್ನಿಸುವುದಿಲ್ಲ. ನಾನ್‌ಬೈನರಿ ಅಂತಾರೆ" ಅಂದಳು. ಚಿಕ್ಕಂದಿನಿಂದ ಹೀಗೇ ಅಂತೆ.

ಅತ್ತ ಅಕ್ಕ ದಿನಾ ಫೋನ್ ಮಾಡುತ್ತಾಳೆ. ಮಸ್ಕತ್‌ನಲ್ಲಿರುವ ಗಂಡು, ಏಪ್ರಿಲ್‌ನಲ್ಲಿ ರಜೆಗೆ ಬರುತ್ತಾನೆ, ಅಷ್ಟರೊಳಗೆ ಇವಳನ್ನು ಊರಿಗೆ ಕಳಿಸು ಅಂತ. ನಮ್ಮ ಯಜಮಾನರಿಗೆ ಹೇಳಿದೆ. ಹೂಂ ಅಂದು ಟಿವಿ ಹಾಕಿಕೊಂಡರು.

ಡಾಕ್ಟರಿಗೆ ತೋರಿಸಬೇಕಾ? ಅಕ್ಕನಿಗೆ ನಾನೇ ಹೇಳಬೇಕಾ? ಯಾರಾದರೂ ಇಂಥದ್ದು ನೋಡಿದ್ದೀರಾ?

ಮಾಟುಂಗ ಮಾವ

ತಂಗಿ, 40 ವರ್ಷದಿಂದ ಮುಂಬೈ ನೋಡುತ್ತಿದ್ದೇನೆ. ಇದೆಲ್ಲ ಮೊಬೈಲ್ ನೋಡಿ ಬರುವ ಹುಚ್ಚು. ಮದುವೆ ಆಗಿ ಒಂದು ಮಗು ಆದರೆ ಎಲ್ಲ ಸರಿಹೋಗುತ್ತದೆ. ಮಂಗಳೂರಲ್ಲಿ ಒಳ್ಳೆ ಮಾನಸಿಕ ತಜ್ಞರು ಇದ್ದಾರೆ, ಒಮ್ಮೆ ತೋರಿಸಿ.

ಕೋರ್ಟ್ ನಾಕಾ

ಮಾವ, ಸ್ವಲ್ಪ ತಡೀರಿ. ಥಾಣೆಯಲ್ಲಿ ವಕೀಲಿ ಮಾಡುತ್ತೇನೆ, ಹಾಗಾಗಿ ಕಾನೂನಿನ ಮಾತು ಮೊದಲು.

ಚಿಕ್ಕಮ್ಮ, 23 ವರ್ಷದವರನ್ನು ಒಪ್ಪಿಗೆ ಇಲ್ಲದೆ ಮದುವೆ ಮಾಡಿಸಲು ಯಾರಿಗೂ ಹಕ್ಕಿಲ್ಲ, ತಾಯಿತಂದೆಗೂ ಇಲ್ಲ. ಎರಡನೇದು, "ಸರಿ ಮಾಡಿಸುವ" ಡಾಕ್ಟರು. ಹಾಗೆ ಬದಲಾಯಿಸುತ್ತೇನೆ ಅಂತ ಚಿಕಿತ್ಸೆ ಕೊಡುವುದು ವೃತ್ತಿ ದುರ್ನಡತೆ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ. ಅದಕ್ಕೂ ಮೊದಲು 2021ರಲ್ಲಿ ಮದ್ರಾಸ್ ಹೈಕೋರ್ಟ್ ಇದರ ಬಗ್ಗೆ ಕಟುವಾಗಿಯೇ ಹೇಳಿತ್ತು. ವಿಶ್ವ ಆರೋಗ್ಯ ಸಂಸ್ಥೆಯೂ ಇದನ್ನು ಮಾನಸಿಕ ಕಾಯಿಲೆಗಳ ಪಟ್ಟಿಯಿಂದ ತೆಗೆದಿದೆ.

ಸುಪ್ರೀಂ ಕೋರ್ಟ್ 2014ರ ಏಪ್ರಿಲ್ 15ರಂದು ನಾಲ್ಸಾ (ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ) ಕೇಸಿನ ತೀರ್ಪಿನಲ್ಲಿ, ತಾನು ಯಾರು ಅಂತ ಹೇಳಿಕೊಳ್ಳುವ ಹಕ್ಕು ಆ ವ್ಯಕ್ತಿಯದ್ದೇ ಅಂದಿದೆ. 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕು ರಕ್ಷಣೆ ಕಾಯ್ದೆಯಲ್ಲಿ ಹಿಜ್ರಾ, ಕಿನ್ನರ್ ಜೊತೆಗೆ ಜೆಂಡರ್‌ಕ್ವಿಯರ್ (ಗಂಡು, ಹೆಣ್ಣು ಅನ್ನುವ ಚೌಕಟ್ಟಿಗೆ ಸೇರದವರು) ಅಂತಲೂ ಬರೆದಿದ್ದಾರೆ. ಅಂದರೆ ಈಗ, 2025ರಲ್ಲಿ, ನಿಮ್ಮ ಮಗುವೂ ಅದರೊಳಗೆ ಬರುತ್ತದೆ.

ವಾಸ್ಕೋ ವಿಜಯಪುರ

ನಮ್ಮ ಕಡೆ ಇದೇನು ಹೊಸದಲ್ರೀ. ಗಂಡಾಗಿ ಹುಟ್ಟಿ, ದೇವಿಯ ಹೆಸರಲ್ಲಿ ಸೀರೆ ಉಡುವ ಸವದತ್ತಿ ಎಲ್ಲಮ್ಮನ ಜೋಗಪ್ಪರನ್ನು ನೋಡಿಯೇ ಬೆಳೆದಿದ್ದೇವೆ. ಮನೆಗೆ ಬಂದರೆ ನಮ್ಮಜ್ಜಿ ಕಾಲಿಗೆ ಬೀಳುತ್ತಿದ್ದರು. ಅವರಲ್ಲೇ ಒಬ್ಬರಾದ ಮಂಜಮ್ಮ ಜೋಗತಿ ಅವರು ಜಾನಪದ ಅಕಾಡೆಮಿ ಅಧ್ಯಕ್ಷೆ ಆದರು, ಪದ್ಮಶ್ರೀ ಬಂತು. ಮಾವ ಅವರಿಗೂ ಮೊಬೈಲ್ ಹುಚ್ಚು ಅಂತೀರಾ?

ಕೋರ್ಟ್ ನಾಕಾ

ಆ ಕಾಯ್ದೆಯಲ್ಲಿ ಜೋಗ್ತಾ ಅನ್ನುವ ಹೆಸರೂ ಇದೆ ನೋಡಿ.

ಮಾಟುಂಗ ಮಾವ

ಅದು ದೇವರ ಕೆಲಸ. ಇದು ಬೇರೆ. ಐರೋಲಿ ಆಫೀಸಿನಲ್ಲಿ ಕೂತವರಿಗೆ ಎಲ್ಲಮ್ಮ ಎಲ್ಲಿಂದ ಬಂದಳು?

ಪರೇಲ್ ನೈಟ್‌ಡ್ಯೂಟಿ

ನಾನು ನರ್ಸ್. ದೇವರು, ಕೋರ್ಟು ಆಮೇಲೆ. ಮೊದಲು ಆ ಬ್ಯಾಂಡೇಜ್ ಬಿಡಿಸಿ ಚಿಕ್ಕಮ್ಮ.

ಕ್ರೇಪ್ ಬ್ಯಾಂಡೇಜ್ ಎದೆಗೆ ಸುತ್ತಲು ಮಾಡಿದ್ದಲ್ಲ. ಉಸಿರಾಡಿದಾಗ ಪಕ್ಕೆಲುಬು ಹಿಗ್ಗಬೇಕು, ಅದು ಬಿಡುವುದಿಲ್ಲ, ಇನ್ನಷ್ಟು ಬಿಗಿಯುತ್ತಾ ಹೋಗುತ್ತದೆ. ಪಕ್ಕೆ ನೋವು, ಚರ್ಮ ಕಿತ್ತು ಬರುವುದು, ಓಡಿ ಟ್ರೈನ್ ಹತ್ತಿದರೆ ಏದುಸಿರು. ಪಕ್ಕೆಲುಬಿಗೇ ಪೆಟ್ಟಾಗಬಹುದು. ಇದಕ್ಕೆಂದೇ ಬೈಂಡರ್ ಅಂತ ಸಿಗುತ್ತದೆ, ಬಿಗಿ ಬನಿಯನ್ ತರಹ. ಆನ್‌ಲೈನ್‌ನಲ್ಲಿ ತರಿಸಬಹುದು. ಎದೆ ಸುತ್ತಳತೆ ಸರಿಯಾಗಿ ಅಳೆದು ತಗೊಳ್ಳಿ, ಇನ್ನೂ ಚಪ್ಪಟೆ ಆಗಲಿ ಅಂತ ಒಂದು ಸೈಜ್ ಚಿಕ್ಕದು ತರಿಸಬೇಡಿ. ಎಂಟು ಗಂಟೆಗಿಂತ ಜಾಸ್ತಿ ಬೇಡ. ಅದನ್ನು ಹಾಕಿಕೊಂಡು ಮಲಗುವುದು, ವ್ಯಾಯಾಮ ಮಾಡುವುದು ಬೇಡವೇ ಬೇಡ. ಡೊಂಬಿವಲಿಯಿಂದ ಐರೋಲಿ, ಆಫೀಸು, ವಾಪಸ್ಸು ಅಂದರೆ ಹನ್ನೆರಡು ಗಂಟೆ ಆಗಿಬಿಡುತ್ತದೆ, ಅಲ್ವಾ? ಆಫೀಸು ಬಿಡುವಾಗ ಅಲ್ಲೇ ತೆಗೆದು ಬ್ಯಾಗಿಗೆ ಹಾಕಿಕೊಳ್ಳಲು ಹೇಳಿ, ಮೇಲೊಂದು ದಪ್ಪ ಅಂಗಿ ಇದ್ದರೆ ಆಯ್ತು. ಈ ಸೆಕೆಯಲ್ಲಿ ಬೆವರುಸಾಲೆ ಬೇರೆ. ಪೌಡರ್ ಮೆತ್ತಬೇಡಿ, ಒಣಗಿಸಿಕೊಂಡರೆ ಸಾಕು.

ಡೊಂಬಿವಲಿ ಚಿಕ್ಕಮ್ಮ

ಅಯ್ಯೋ, ಹೋದ ತಿಂಗಳು ಪಕ್ಕೆ ನೋವು ಅಂತ ಹೇಳಿದ್ದಳು. ನಾನು ಗ್ಯಾಸ್ ಇರಬೇಕು ಅಂತ ಓಮದ ನೀರು ಕೊಟ್ಟೆ.

ಫಾಸ್ಟ್ ಲೋಕಲ್

ಟ್ರೈನ್ ಅಂದಿದ್ದಕ್ಕೆ ನೆನಪಾಯಿತು. ನಮ್ಮ ಆಫೀಸಿನಲ್ಲಿ ಇಂಥವರು ಒಬ್ಬರಿದ್ದಾರೆ. ಲೇಡೀಸ್ ಡಬ್ಬಾ ಹತ್ತಿದರೆ ಹೆಂಗಸರು "ಏ ಉತರ್" (ಇಳಿ) ಅಂತ ಕೂಗುತ್ತಾರೆ. ಜನರಲ್ ಡಬ್ಬಾದಲ್ಲಿ ಸಂಜೆ ಏಳಕ್ಕೆ ಥಾಣೆಯಿಂದ ಹತ್ತಿದರೆ ಆ ನೂಕುನುಗ್ಗಲಲ್ಲಿ ಯಾರ ಕೈ ಎಲ್ಲಿ ಹೋಗುತ್ತದೋ ಗೊತ್ತಿಲ್ಲ. ಕೊನೆಗೆ ಅವರು ಬೆಳಿಗ್ಗೆ ಆರಕ್ಕೇ ಹೊರಟು ಆಫೀಸಿನ ಕ್ಯಾಂಟೀನಲ್ಲಿ ಕೂರುತ್ತಾರೆ. ಶೌಚಾಲಯದ ಕಥೆ ಕೇಳಲೇಬೇಡಿ. ನೀರೇ ಕುಡಿಯುವುದಿಲ್ಲವಂತೆ.

ಪರೇಲ್ ನೈಟ್‌ಡ್ಯೂಟಿ

ನೀರು ಕುಡಿಯದೆ, ಮೂತ್ರ ತಡೆದು ಸೋಂಕಾಗಿ ಬರುವವರು ಬೇಕಾದಷ್ಟು. ಔಷಧಿ ಬರೆದು ಕಳಿಸುತ್ತಾರೆ, ಯಾಕೆ ಕುಡಿಯಲಿಲ್ಲ ಅಂತ ಯಾರೂ ಕೇಳುವುದಿಲ್ಲ.

ಮಾಲವಣಿ ರಾಯಚೂರು

ಎಲ್ಲರ ಮಾತೂ ಓದಿದೆ. ಒಂದು ಮಾತು ಹೇಳುತ್ತೇನೆ, ಬೇಜಾರಾದರೂ ಪರವಾಗಿಲ್ಲ.

ನಾನು ಟ್ರಾನ್ಸ್ ಹೆಂಗಸು, ಹುಟ್ಟಿದಾಗ ಗಂಡು ಅನ್ನಿಸಿಕೊಂಡವಳು. ರಾಯಚೂರು ಜಿಲ್ಲೆಯವಳು. ಅಪ್ಪ ಹೊಡೆದು ಹೊರಗೆ ಹಾಕಿದ ಮೇಲೆ ಟಿಕೆಟ್ ಇಲ್ಲದೆ ರೈಲು ಹತ್ತಿ ಮುಂಬೈಗೆ ಬಂದೆ. ಹಿಜ್ರಾ ಘರಾಣೆಯ (ಮನೆತನದ) ಗುರು ಸಿಕ್ಕರು, ಅನ್ನ ಹಾಕಿದರು, ಮಲಗಲು ಜಾಗ ಕೊಟ್ಟರು. ದುಡಿದಿದ್ದರಲ್ಲಿ ಪಾಲೂ ತಗೊಂಡರು. ಎರಡೂ ನಿಜ. ಇಲ್ಲಿ ಹೊಸದಾಗಿ ಯಾರಿಗಾದರೂ ಹೀಗಾದರೆ ಬೈಂಡರ್ ಎಲ್ಲಿ ಸಿಗುತ್ತದೆ, ಎಚ್‌ಆರ್‌ಗೆ ಏನು ಬರೆಯಬೇಕು ಅಂತ ಹತ್ತು ಜನ ಹೇಳುತ್ತೀರಿ. ಒಳ್ಳೆಯದೇ. ಅದೇ ಜನ ಸಿಗ್ನಲ್ಲಿನಲ್ಲಿ ನಮ್ಮನ್ನು ಕಂಡರೆ ಗಾಜು ಏರಿಸುತ್ತೀರಿ. ಇಂಗ್ಲಿಷ್ ಬರುವ ಮಕ್ಕಳಿಗೆ ಎಚ್‌ಆರ್ ಇದೆ, ನಮಗೆ ಸಿಗ್ನಲ್ ಇದೆ.

ನಮ್ಮ ಕಷ್ಟ ಏನು ಅಂತ ಯಾರೂ ಕೇಳಿಲ್ಲ, ನಾನೇ ಹೇಳುತ್ತೇನೆ. ಮನೆ. ಬ್ರೋಕರ್ ಫೋನಿನಲ್ಲಿ ಹೂಂ ಅನ್ನುತ್ತಾನೆ. ಮುಖ ನೋಡಿದ ಕೂಡಲೇ "ಮಾಲೀಕರು ಬೇರೆಯವರಿಗೆ ಕೊಟ್ಟರಂತೆ". ಕೊಟ್ಟರೂ ಡಿಪಾಸಿಟ್ ಡಬಲ್, ಬಾಡಿಗೆ ಚೀಟಿ ಇಲ್ಲ. ಚೀಟಿ ಇಲ್ಲದಿದ್ದರೆ ವಿಳಾಸದ ಪುರಾವೆ ಇಲ್ಲ. ಪುರಾವೆ ಇಲ್ಲದಿದ್ದರೆ ರೇಷನ್ ಕಾರ್ಡ್ ಇಲ್ಲ, ಬ್ಯಾಂಕ್ ಖಾತೆ ಇಲ್ಲ. ಆಸ್ಪತ್ರೆಗೆ ಹೋದರೆ ಗಂಡಸರ ವಾರ್ಡೋ ಹೆಂಗಸರ ವಾರ್ಡೋ ಅಂತ ಅವರೇ ಜಗಳ ಮಾಡಿಕೊಂಡು ನಮ್ಮನ್ನು ಕಾರಿಡಾರಿನಲ್ಲಿ ಮಲಗಿಸುತ್ತಾರೆ.

ಜೋಗಪ್ಪರ ಕಾಲಿಗೆ ಬೀಳುತ್ತಿದ್ದೆವು ಅಂದರಲ್ಲ ವಾಸ್ಕೋದವರು. ಕಾಲಿಗೆ ಬಿದ್ದಿದ್ದೀರಿ, ಮನೆಯೊಳಗೆ ಕೂರಿಸಿ ಊಟ ಹಾಕಿದ್ದೀರಾ?

ವಾಸ್ಕೋ ವಿಜಯಪುರ

ಇಲ್ಲ ಅಕ್ಕಾ. ಹೊರಗಿನ ಕಟ್ಟೆಯ ಮೇಲೇ ಕೊಡುತ್ತಿದ್ದರು.

ಹಿಂಜವಡಿ ಬೆಣ್ಣೆದೋಸೆ

ಮಾಲವಣಿ ಅಕ್ಕಾ, ನೀವು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ. ಆದರೂ ಎಚ್‌ಆರ್ ಇದೆ ಅಂತ ನಮ್ಮದು ಮುಗಿಯುವುದಿಲ್ಲ.

ನಾನೂ ನಾನ್‌ಬೈನರಿ. ದಾವಣಗೆರೆ ಕಡೆ, ಈಗ ಪುಣೆಯಲ್ಲಿ ಕೆಲಸ. ಹುಟ್ಟಿದಾಗ ಹೆಣ್ಣು ಅನ್ನಿಸಿಕೊಂಡವರ ಕಥೆ ಬೀದಿಯಲ್ಲಿ ಕಾಣುವುದಿಲ್ಲ, ಯಾಕಂದರೆ ನಮ್ಮನ್ನು ಹೊರಗೆ ಹಾಕುವುದಿಲ್ಲ, ಒಳಗೆ ಹಾಕುತ್ತಾರೆ. ನನ್ನ ಹಾಗೇ ಇದ್ದ ಒಬ್ಬ ಸ್ನೇಹಿತರನ್ನು ಅಜ್ಜಿಗೆ ಸೀರಿಯಸ್ ಅಂತ ಊರಿಗೆ ಕರೆಸಿದರು. ಅಜ್ಜಿ ಗಟ್ಟಿಮುಟ್ಟಾಗಿ ಹೊಲದಲ್ಲಿದ್ದರು. ಫೋನ್ ಕಿತ್ತುಕೊಂಡರು, ಅಂಕಪಟ್ಟಿ, ಆಧಾರ್ ಎಲ್ಲ ಬೀರುವಿನಲ್ಲಿ ಬೀಗ. ಮದುವೆ ಆಯಿತು. ಈಗ ಮೆಸೇಜಿಗೂ ಉತ್ತರ ಇಲ್ಲ. ಗಂಡು ಮಕ್ಕಳಂತೆ ರಾತ್ರಿ ರೈಲು ಹತ್ತಿ ಬರುವುದು ನಮಗೆ ಅಷ್ಟು ಸುಲಭ ಅಲ್ಲ. ಬಂದರೂ ಕರೆದು ಅನ್ನ ಹಾಕುವ ಗುರು ಇಲ್ಲ, ಘರಾಣೆ ಇಲ್ಲ. ಪಿಜಿಯಲ್ಲಿ ಲೇಡೀಸ್‌ಗೆ ಅಂತ ಹೋದರೆ ಉಳಿದ ಹುಡುಗಿಯರು ಕಂಪ್ಲೇಂಟ್ ಕೊಡುತ್ತಾರೆ, ಜೆಂಟ್ಸ್ ಪಿಜಿಯಲ್ಲಿ ನಮಗೇ ಭಯ.

ಪುಣೆಯಲ್ಲಿ ನಮ್ಮಂಥವರಿಗೆ ಅಂತ ಇದ್ದ ಮಿತ್ರ್ ಕ್ಲಿನಿಕ್ ಈ ಜನವರಿಯಲ್ಲಿ ಮುಚ್ಚಿತು. ಹೈದರಾಬಾದ್, ಕಲ್ಯಾಣದ್ದೂ ಮುಚ್ಚಿತು. ಅಮೆರಿಕದ ಸಹಾಯಧನ ನಿಂತಿತು, ಅಷ್ಟೇ. ಅಲ್ಲಿನ ಸಿಬ್ಬಂದಿಯಲ್ಲೂ ನಮ್ಮವರೇ ಇದ್ದರು. ಡಾಕ್ಟರಿಗೆ ಮೊದಲಿಂದ ಎಲ್ಲ ವಿವರಿಸುವ ಕಷ್ಟ ಇರಲಿಲ್ಲ. ಈಗ ಮತ್ತೆ ಹೊಸ ಡಾಕ್ಟರು, ಮತ್ತೆ "ಅಪ್ಪ ಅಮ್ಮನಿಗೆ ಗೊತ್ತಾ?" ಅನ್ನುವ ಪ್ರಶ್ನೆ.

ಚಿಕ್ಕಮ್ಮ, ನಿಮ್ಮ ಮಗುವನ್ನು ಏಪ್ರಿಲ್‌ನಲ್ಲಿ ಒಬ್ಬರನ್ನೇ ಊರಿಗೆ ಕಳಿಸಬೇಡಿ.

ಮಾಲವಣಿ ರಾಯಚೂರು

ಒಳಗೆ ಹಾಕುತ್ತಾರೆ ಅಂದಿದ್ದು ಸರಿ ಕಂದಾ. ಅದು ನನಗೆ ಹೊಳೆದಿರಲಿಲ್ಲ. ಆದರೂ ಪಿಜಿ ಜಗಳ ಇರುವವರಿಗೆ ಪಿಜಿಯ ದುಡ್ಡಾದರೂ ಇರುತ್ತದೆ. ಅಷ್ಟು ಮಾತು ನನ್ನದು ಉಳಿದೇ ಇರಲಿ.

ಹಿಂಜವಡಿ ಬೆಣ್ಣೆದೋಸೆ

ಇರಲಿ ಅಕ್ಕಾ. ಅದನ್ನು ತಳ್ಳಿಹಾಕುವ ಧೈರ್ಯ ನನಗಿಲ್ಲ.

ಸಾಂತಾಕ್ರೂಜ್ ಸಾರು

ಮಧ್ಯೆ ಬಾಯಿ ಹಾಕುತ್ತೇನೆ. ದಾವಣಗೆರೆ ಬೆಣ್ಣೆದೋಸೆ ಪುಣೆಯಲ್ಲಿ ಎಲ್ಲಿ ಚೆನ್ನಾಗಿ ಸಿಗುತ್ತೆ?

ಹಿಂಜವಡಿ ಬೆಣ್ಣೆದೋಸೆ

ಎಲ್ಲೂ ಇಲ್ಲ. ಅದಕ್ಕೇ ಹೆಸರಲ್ಲಿ ಇಟ್ಟುಕೊಂಡಿದ್ದೇನೆ.

ಮುಲುಂಡ್ ಅಪ್ಪ

ನನ್ನ ಮಗ ಟ್ರಾನ್ಸ್. ಹುಟ್ಟಿದಾಗ ಮಗಳು ಅಂತ ಹೆಸರಿಟ್ಟಿದ್ದೆವು. ಮೊದಲು ಹೇಳಿದ್ದು ಅವನ ಅಮ್ಮನಿಗೆ, ಅವಳು ನನಗೆ ಹೇಳಲು ಎರಡು ಹಬ್ಬ ದಾಟಬೇಕಾಯಿತು. ನಾನು ಕೂಗಾಡಿದವನಲ್ಲ, ಮಾತು ಬಿಟ್ಟವನು. ಟಿವಿ ಹಾಕಿಕೊಂಡ ನಿಮ್ಮ ಯಜಮಾನರ ಬಗ್ಗೆ ಓದಿ ಅದೇ ನೆನಪಾಯಿತು. ಮಾತಿಲ್ಲದ ಗಂಡಸು ವಿರೋಧಿ ಅಂತಲೇ ಅಲ್ಲ. ಏನು ಕೇಳಬೇಕು ಅಂತ ತಿಳಿಯದೆ ಕೂತಿರುತ್ತಾನೆ. ಅವರಿಗೆ ಒಂದು ಕೆಲಸ ವಹಿಸಿ. ನನಗೆ ನನ್ನ ಹೆಂಡತಿ ಹೆಸರು ಬದಲಾವಣೆಯ ಗೆಜೆಟ್ ಅರ್ಜಿ ತುಂಬುವ ಕೆಲಸ ಕೊಟ್ಟಳು. ಫಾರ್ಮ್ ತುಂಬುತ್ತಾ ತುಂಬುತ್ತಾ ಮಗನ ಹೊಸ ಹೆಸರು ಬಾಯಿಗೆ ಬಂತು.

ಮುಂಬೈಯಲ್ಲಿ ಇಂಥ ಮಕ್ಕಳ ಅಪ್ಪ ಅಮ್ಮಂದಿರದ್ದೇ ಗುಂಪಿದೆ, ಸ್ವೀಕಾರ್ ಅಂತ. ನಾವು ಅಲ್ಲಿಗೆ ಹೋಗಿದ್ದೆವು. ಇಂಥವರಿಗಾಗಿ ಕೆಲಸ ಮಾಡುವ ಹಮ್‌ಸಫರ್ ಟ್ರಸ್ಟ್ 1994ರಿಂದ ಇದೆ. ಅಕ್ಕನವರಿಗೆ ಈಗಲೇ ಬೇಡ, ಮೊದಲು ನೀವು ಒಬ್ಬರೇ ಹೋಗಿ ಕೂತು ಬನ್ನಿ.

ಸೊಸೈಟಿಯಲ್ಲಿ? ಯಾರಿಗೂ ಹೇಳಲಿಲ್ಲ. ಕೇಳಿದವರಿಗೆ "ಹೌದು, ಅವನೇ" ಅಂದೆವು. ಮೂರನೇ ಮಹಡಿಯವರು ಈಗಲೂ ಲಿಫ್ಟಿನಲ್ಲಿ ಮಾತಾಡಿಸುವುದಿಲ್ಲ. ಮೊದಲೂ ಅಷ್ಟಾಗಿ ಮಾತಾಡುತ್ತಿರಲಿಲ್ಲ ಬಿಡಿ.

ಮಾಟುಂಗ ಮಾವ

ಎಲ್ಲ ಸರಿಯಪ್ಪ. ಗಂಡಿನ ಕಡೆಯವರ ಗತಿ? ಅವರು ಹುಡುಗಿ ನೋಡಲು ಮಸ್ಕತ್‌ನಿಂದ ಟಿಕೆಟ್ ಮಾಡಿಕೊಂಡು ಬರುತ್ತಾರೆ. ನಾನು ಒಪ್ಪುವುದಿಲ್ಲ ಅನ್ನುವುದು ಬೇರೆ ಮಾತು. ಆದರೆ ಆಸೆ ಹುಟ್ಟಿಸಿ ಕೊನೆ ಗಳಿಗೆಯಲ್ಲಿ ಕೈ ಎತ್ತುವುದು ತಪ್ಪು. ಇವತ್ತೇ ಬೇಡ ಅಂತ ಹೇಳಿಬಿಡಿ.

ಪರೇಲ್ ನೈಟ್‌ಡ್ಯೂಟಿ

ಮಾವ ಹೇಳಿದ್ದರಲ್ಲಿ ಇದೊಂದಕ್ಕೆ ನನ್ನ ಓಟು.

ಕೋರ್ಟ್ ನಾಕಾ

ಇವತ್ತೇ ಹೇಳಬೇಡಿ. ಒಂದು ವಾರ ತಡೀರಿ. ಚಿಕ್ಕಮ್ಮ, ಮಗುವಿನ ಮೂಲ ದಾಖಲೆಗಳು ಎಲ್ಲಿವೆ? ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಡಿಗ್ರಿ ಸರ್ಟಿಫಿಕೇಟ್, ಆಧಾರ್, ಜನನ ಪ್ರಮಾಣಪತ್ರ, ಪಾಸ್‌ಪೋರ್ಟ್ ಇದ್ದರೆ ಅದು?

ಡೊಂಬಿವಲಿ ಚಿಕ್ಕಮ್ಮ

ಆಧಾರ್, ಪ್ಯಾನ್ ಇಲ್ಲಿದೆ. ಉಳಿದದ್ದೆಲ್ಲ ಅಕ್ಕನ ಮನೆಯಲ್ಲಿ. ಸಂಬಳ ಬರುವ ಖಾತೆ ಮಗುವಿನ ಹೆಸರಲ್ಲೇ ಇದೆ. ಆದರೆ ಊರಿನ ಹಳೇ ಖಾತೆ ಭಾವನ ಜೊತೆ ಜಂಟಿ.

ಕೋರ್ಟ್ ನಾಕಾ

ಹಾಗಾದರೆ ಮೊದಲು ದಾಖಲೆ, ಆಮೇಲೆ ಮಾತು. ಆಫೀಸಿನಲ್ಲಿ ವೆರಿಫಿಕೇಶನ್‌ಗೆ ಒರಿಜಿನಲ್ ಕೇಳುತ್ತಿದ್ದಾರೆ ಅಂತ ತರಿಸಿಕೊಳ್ಳಿ. ಸುಳ್ಳೂ ಅಲ್ಲ, ಎಲ್ಲ ಕಡೆ ಒಂದಲ್ಲ ಒಂದು ದಿನ ಕೇಳಿಯೇ ಕೇಳುತ್ತಾರೆ. ಜಂಟಿ ಖಾತೆಯಲ್ಲಿ ಮಗುವಿನ ದುಡ್ಡು ಇದ್ದರೆ ತನ್ನ ಖಾತೆಗೆ ಹಾಕಿಕೊಳ್ಳಲಿ. ಮನೆಯಲ್ಲಿ ಗಲಾಟೆ ಆದ ಮೇಲೆ ಅಂಕಪಟ್ಟಿ ಬಿಡಿಸಿಕೊಳ್ಳುವುದು ಎಷ್ಟು ಕಷ್ಟ ಅಂತ ನನ್ನ ಕಕ್ಷಿದಾರರನ್ನು ಕೇಳಬೇಕು.

ಟ್ರಾನ್ಸ್‌ಜೆಂಡರ್ ಪ್ರಮಾಣಪತ್ರ ಬೇಕೋ ಬೇಡವೋ ಅನ್ನುವುದು ಮಗುವಿಗೆ ಬಿಟ್ಟಿದ್ದು. ಬೇಕು ಅಂದರೆ, ಈಗಿನ (2025ರ) ನಿಯಮದಂತೆ, ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ನ್ಯಾಷನಲ್ ಪೋರ್ಟಲ್‌ನಲ್ಲಿ ಆನ್‌ಲೈನ್ ಅರ್ಜಿ, ಜೊತೆಗೆ ಅಫಿಡವಿಟ್. ಯಾವ ದೈಹಿಕ ಪರೀಕ್ಷೆಯೂ ಇಲ್ಲ. ಯಾರಾದರೂ ಕೇಳಿದರೆ 2020ರ ನಿಯಮ ತೋರಿಸಿ. 30 ದಿನದೊಳಗೆ ಜಿಲ್ಲಾಧಿಕಾರಿ ಕೊಡಬೇಕು. ಆದರೆ ಆ ಜಿಲ್ಲೆಯಲ್ಲಿ ಸತತ 12 ತಿಂಗಳು ವಾಸ ಇರಬೇಕು. ಮಗು ಬಂದದ್ದು ಮಳೆಗಾಲದಲ್ಲಿ ಅಂದಿರಿ, ಥಾಣೆ ಜಿಲ್ಲೆಯಿಂದ ಹಾಕಲು ಇನ್ನೂ ಸ್ವಲ್ಪ ತಿಂಗಳು ಕಾಯಬೇಕು. ಉಡುಪಿಯಿಂದ ಹಾಕಬಹುದು, ಆದರೆ ಊರಿನ ವಿಳಾಸಕ್ಕೆ ಯಾವುದಾದರೂ ಪತ್ರ ಹೋದರೆ ಅಕ್ಕನ ಕೈಗೇ ಸಿಗುತ್ತದೆ. ಹಾಗಾಗಿ ಕಾಯಿರಿ.

ಪ್ರಮಾಣಪತ್ರದಲ್ಲಿ ಟ್ರಾನ್ಸ್‌ಜೆಂಡರ್ ಅಂತ ಮಾತ್ರ ಬರುತ್ತದೆ. ಗಂಡು ಅಥವಾ ಹೆಣ್ಣು ಅಂತ ಬೇಕಿದ್ದರೆ ಶಸ್ತ್ರಚಿಕಿತ್ಸೆಯಂಥ ವೈದ್ಯಕೀಯ ಚಿಕಿತ್ಸೆ ಆಗಿರಬೇಕು, ಅದಕ್ಕೆ ಬೇರೆ ಅರ್ಜಿ. ಮುಲುಂಡ್ ಸರ್‌ಗೆ ಇದು ಗೊತ್ತಿರುತ್ತದೆ.

ಜನನ ಪ್ರಮಾಣಪತ್ರ ಕರ್ನಾಟಕದ್ದಲ್ಲವಾ? ಹೋದ ಡಿಸೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ಒಂದು ತೀರ್ಪು ಕೊಟ್ಟಿದೆ. 1969ರ ಜನನ ಮರಣ ನೋಂದಣಿ ಕಾಯ್ದೆಗೆ ತಿದ್ದುಪಡಿ ಆಗುವವರೆಗೆ ಹಳೆ ಹೆಸರು, ಲಿಂಗ ಮತ್ತು ಹೊಸದು ಎರಡನ್ನೂ ನಮೂದಿಸಿ ಕೊಡಬೇಕು ಅಂತ. ಹಳೆಯದೂ ಉಳಿಯುವುದು ಕೆಲವರಿಗೆ ಇಷ್ಟ ಇಲ್ಲ. ನನಗೂ ಅಷ್ಟು ಸರಿ ಕಾಣುವುದಿಲ್ಲ. ಆದರೂ ಮೊದಲು ಇದ್ದ ಪಾಡಿಗಿಂತ ವಾಸಿ.

ಮುಲುಂಡ್ ಅಪ್ಪ

ಗೊತ್ತು ಗೊತ್ತು. ಆ ಎರಡನೇ ಅರ್ಜಿಗೆ ಆಸ್ಪತ್ರೆಯ ಪತ್ರ ಬೇಕು. ಆಸ್ಪತ್ರೆಯವರು ಯಾವ ಮಾದರಿಯಲ್ಲಿ ಬರೆಯಬೇಕು ಅಂತ ನಮ್ಮನ್ನೇ ಕೇಳಿದರು.

ಮಾಲವಣಿ ರಾಯಚೂರು

ಆ 2019ರ ಕಾಯ್ದೆಯನ್ನು ಅಷ್ಟು ಹೊಗಳಬೇಡಿ ವಕೀಲರೇ. ನಮ್ಮ ಮೇಲೆ ಲೈಂಗಿಕ ದೌರ್ಜನ್ಯ ಮಾಡಿದವನಿಗೆ ಅದರಲ್ಲಿ ಆರು ತಿಂಗಳಿಂದ ಎರಡು ವರ್ಷ. ಹೆಂಗಸಿಗೆ ಮಾಡಿದರೆ ಎಷ್ಟು? ನಮ್ಮ ಮೈಗೆ ಬೆಲೆ ಕಮ್ಮಿ ಅಂತ ಬರೆದುಕೊಟ್ಟ ಹಾಗಾಯಿತು. ಆಯುಷ್ಮಾನ್ ಅಡಿಯಲ್ಲಿ ವರ್ಷಕ್ಕೆ 5 ಲಕ್ಷದ ಚಿಕಿತ್ಸೆ ಅಂತ 2022ರಲ್ಲಿ ಒಪ್ಪಂದ ಆಯಿತು. ಕಾರ್ಡ್ ಹಿಡಿದು ಹೋದರೆ ಕೌಂಟರಿನವರು "ಹಾಗೊಂದು ಇದೆಯಾ?" ಅನ್ನುತ್ತಾರೆ.

ಕೋರ್ಟ್ ನಾಕಾ

ಹೊಗಳಿಲ್ಲ ಅಕ್ಕ. ಶಿಕ್ಷೆಯ ವಿಷಯದಲ್ಲಿ ನೀವು ಹೇಳಿದ್ದೇ ನನ್ನ ಅಭಿಪ್ರಾಯ. ಇರುವುದನ್ನು ಹಿಡಿದು ಕೆಲಸ ಮಾಡಬೇಕಲ್ಲ.

ಫಾಸ್ಟ್ ಲೋಕಲ್

ಕರ್ನಾಟಕದಲ್ಲಿ 2021ರಲ್ಲೇ ಸರ್ಕಾರಿ ಕೆಲಸದಲ್ಲಿ 1% ಮೀಸಲಾತಿ ಬಂತು. ಇಲ್ಲಿ ಪೊಲೀಸ್ ಭರ್ತಿಯ ಫಾರ್ಮಿನಲ್ಲಿ ಮೂರನೇ ಆಯ್ಕೆ ಹಾಕಿಸಲು 2022ರ ಡಿಸೆಂಬರ್‌ನಲ್ಲಿ ಬಾಂಬೆ ಹೈಕೋರ್ಟೇ ಬೈಯಬೇಕಾಯಿತು. ನಮ್ಮ ರಾಜ್ಯ ಮುಂದೆ ಇದೆ ನೋಡಿ.

ವಾಸ್ಕೋ ವಿಜಯಪುರ

ಮುಂದೆ ಇದ್ದರೆ ನಾವೆಲ್ಲ ಯಾಕೆ ಇಲ್ಲಿ ಬಂದು ದುಡಿಯುತ್ತಿದ್ದೇವೆ ಮಾರಾಯ್ರೆ?

ಡೊಂಬಿವಲಿ ಚಿಕ್ಕಮ್ಮ (16 ಮಾರ್ಚ್)

ತಡವಾಯಿತು. ಮಗುವಿಗೆ ಈ ಚರ್ಚೆ ತೋರಿಸಿದೆ. ಮೊದಲು ಸಿಟ್ಟು ಬಂತು, ನನ್ನ ವಿಷಯ ಊರಿಗೆಲ್ಲ ಹೇಳಿದೆಯಾ ಅಂತ. ಹೆಸರು ಹಾಕಿಲ್ಲ ಅಂತ ತೋರಿಸಿದ ಮೇಲೆ ಕೂತು ಪೂರ್ತಿ ಓದಿತು. ಮಾಲವಣಿ ಅಕ್ಕನ ಮಾತು ಎರಡು ಸಲ ಓದಿತು. ಹಿಂಜವಡಿಯವರಿಗೆ ಮೆಸೇಜ್ ಮಾಡಬಹುದಾ ಅಂತ ಕೇಳುತ್ತಿದೆ.

ಬೈಂಡರ್ ಬಂತು. ಅಳತೆ ತಗೊಳ್ಳಲು ಟೇಪ್ ಹಿಡಿದದ್ದು ನಾನೇ. ಬ್ಯಾಂಡೇಜ್ ಸುತ್ತುತ್ತಿದ್ದ ಜಾಗದಲ್ಲಿ ಕಂಕುಳ ಕೆಳಗೆ ಎರಡೂ ಕಡೆ ಚರ್ಮ ಕಪ್ಪಾಗಿದೆ. ಸೋಮವಾರ ಡಾಕ್ಟರಿಗೆ ತೋರಿಸುತ್ತೇವೆ. ಚರ್ಮಕ್ಕೆ ಮಾತ್ರ, ಮಾವ.

ಭಾವನಿಗೆ ಫೋನ್ ಮಾಡಿ ಒರಿಜಿನಲ್ ಬೇಕು ಅಂದದ್ದು ನಮ್ಮ ಯಜಮಾನರು. ನಾನು ಹೇಳದೆಯೇ ಮಾಡಿದರು. ಕೊರಿಯರ್ ಹೊರಟಿದೆಯಂತೆ. ಗಂಡಿನ ಕಡೆಯವರಿಗೆ ಏನಂತ ಹೇಳಲಿ, ಯಾರು ಹೇಳಬೇಕು?

ಕೋರ್ಟ್ ನಾಕಾ

ಕೊರಿಯರ್ ಕೈಗೆ ಬಂದ ಮೇಲೆ, ಮಗುವೇ ಅಮ್ಮನಿಗೆ ಹೇಳಲಿ. ನೀವು ಪಕ್ಕದಲ್ಲಿರಿ. "ನನಗೆ ಈ ಮದುವೆ ಬೇಡ" ಅಷ್ಟೇ. ಉಳಿದದ್ದನ್ನು ಯಾವಾಗ, ಎಷ್ಟು ಹೇಳಬೇಕು ಅನ್ನುವುದು ಅವರಿಷ್ಟ. ಮುಂದೆ ಭಾವನವರು ಕೋಪದಲ್ಲಿ ಪೊಲೀಸ್, ಹೇಬಿಯಸ್ ಕಾರ್ಪಸ್ (ಮಗುವನ್ನು ಕೂಡಿಹಾಕಿದ್ದಾರೆ, ಕೋರ್ಟಿಗೆ ಹಾಜರುಪಡಿಸಿ ಅನ್ನುವ ಅರ್ಜಿ) ಅಂತ ಹೋದರೂ ಹೆದರಬೇಡಿ. ಇಂಥ ಕೇಸುಗಳಲ್ಲಿ ಕೌನ್ಸೆಲಿಂಗ್ ನೆಪದಲ್ಲಿ ಮನಸ್ಸು ಬದಲಿಸಲು ಹೋಗಬಾರದು ಅಂತ ಸುಪ್ರೀಂ ಕೋರ್ಟ್ 2024ರ ಮಾರ್ಚ್‌ನಲ್ಲಿ ಹೈಕೋರ್ಟ್‌ಗಳಿಗೇ ಹೇಳಿದೆ.

ಮಾಟುಂಗ ಮಾವ

ಅಕ್ಕ ಅಳುತ್ತಾಳೆ. ಅದಕ್ಕೆ ಯಾವ ಕಾಯ್ದೆ ಇದೆ?

ಮುಲುಂಡ್ ಅಪ್ಪ

ಇಲ್ಲ ಸಾರ್. ಅಳಲಿ. ನಮ್ಮ ಮನೆಯಲ್ಲೂ ಅತ್ತರು. ಅಕ್ಕನವರಿಗೆ ನನ್ನ ಹೆಂಡತಿ ಜೊತೆ ಮಾತಾಡಬೇಕು ಅನ್ನಿಸಿದರೆ ಹೇಳಿ, ಅವಳದ್ದೂ ಕುಂದಾಪುರವೇ. ರಾತ್ರಿ ಹೊತ್ತು ಮಗುವಿಗೆ ತೀರಾ ಸಂಕಟ ಆದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಮಾಡಲಿ, ಕನ್ನಡದಲ್ಲೂ ಮಾತಾಡಬಹುದು.

ಹಿಂಜವಡಿ ಬೆಣ್ಣೆದೋಸೆ

ಚಿಕ್ಕಮ್ಮ, ಧಾರಾಳವಾಗಿ ಮೆಸೇಜ್ ಮಾಡಲಿ. ವಾರದ ದಿನ ರಾತ್ರಿ ಒಂಬತ್ತರ ಮೇಲೆ.

ವಾಸ್ಕೋ ವಿಜಯಪುರ

ಗೋವಾದಲ್ಲೂ ಅದೇ ಪೋರ್ಟಲ್ಲಾ ವಕೀಲರೇ? ನಮ್ಮ ಓಣಿಯಲ್ಲಿ ಒಬ್ಬರು ಕೇಳುತ್ತಿದ್ದಾರೆ.

ಕೋರ್ಟ್ ನಾಕಾ

ಹೌದು, ದೇಶಕ್ಕೆಲ್ಲ ಒಂದೇ. ಬಾಡಿಗೆ ಚೀಟಿ ಇದೆಯಾ ಅಂತ ಮೊದಲು ಕೇಳಿ.